ಚರಂಡಿಯನ್ನು ವಾಪಸ್ ತಂದ ಕಂಡಕ್ಟ್ರಮ್ಮ

ಶ್ರದ್ಧಾಂಜಲಿ ಸಭೆಗೆ ಶಾಮಿಯಾನ ಹಾಕಿಸಿದ್ದರು. ನಮ್ಮ ಕಾಲೋನಿಯ ಮಾಜಿ ಮೆಂಬರು ಮೈಕು ಹಿಡಿದು, ‘ಮೃದು ಸ್ವಭಾವದ, ಎಲ್ಲರೊಂದಿಗೂ ಹೊಂದಿಕೊಂಡು ಹೋಗುತ್ತಿದ್ದ ತಾಯಿ’ ಅಂದರು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳು ಅಂದುಕೊಂಡೆ, ನೋಡಿದರೆ ನಗು. ನನಗೆ ಮಾತ್ರ ಮೈ ಉರಿಯಿತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು, ಒಪ್ಪಿದೆ. ಅದಕ್ಕೆ ಬೇರೆ ಯಾರದ್ದೋ ಒಳ್ಳೆಯತನ ತಂದು ಆಕೆಗೆ ಹೊದಿಸಬೇಕಾ? ಆ ಹೆಂಗಸು ಒಂದು ದಿನ, ಒಬ್ಬರ ಜೊತೆ, ಹೊಂದಿಕೊಂಡು ಹೋದದ್ದನ್ನು ನಾನು ಕಂಡಿಲ್ಲ. ಗೋಡೆಗೆ ಗೋಡೆ ಹತ್ತಿದ ಮನೆ ನಮ್ಮದು. ಕಂಡಿದ್ದರೆ ನಾನೇ ಕಾಣಬೇಕಿತ್ತು.

ಹೆಸರು ಬರೆಯುವುದಿಲ್ಲ. ಕಾಲೋನಿಯಲ್ಲಿ ಯಾರೂ ಹೆಸರು ಹಿಡಿದು ಕರೆದದ್ದೂ ಇಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಕಂಡಕ್ಟ್ರಮ್ಮ. ಮೊಳಕಾಲ್ಮುರಿನ ಕಡೆಯವರು, ನೇಕಾರರ ಮನೆ. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂರುವುದು ತನ್ನಿಂದಾಗದ ಕೆಲಸ ಅಂತ ಸರ್ಕಾರಿ ಬಸ್ಸಿಗೆ ಸೇರಿದರಂತೆ. ಆಗ ನಮ್ಮ ಕಡೆ ಖಾಸಗಿ ಬಸ್ಸುಗಳದ್ದೇ ದರ್ಬಾರು. ಸರ್ಕಾರಿ ಬಸ್ಸೇ ಅಪರೂಪ, ಅದರಲ್ಲಿ ಹೆಂಗಸು ಕಂಡಕ್ಟರು ಅಂದರೆ ನೋಡೋಕೆಂದೇ ಜನ ಹತ್ತುತ್ತಿದ್ದರು. ಲಾರಿ ಡ್ರೈವರಾಗಿದ್ದ ಗಂಡ ಮದುವೆಯಾದ ಸ್ವಲ್ಪ ವರ್ಷಕ್ಕೇ ತೀರಿಕೊಂಡಿದ್ದ. ಮಕ್ಕಳಿಲ್ಲ. ಆತನ ಬಗ್ಗೆ ನನ್ನ ಹೆಂಡತಿಯ ಹತ್ತಿರ ಒಂದೇ ಸಲ ಮಾತಾಡಿದ್ದರಂತೆ: “ಒಳ್ಳೇನು ಕಣಮ್ಮ. ಮಾತು ಕಮ್ಮಿ. ಇಬ್ರೂ ಮಾತಾಡೋರಾಗಿದ್ರೆ ಮನೆ ಉಳೀತಿತ್ತಾ?”

ರಿಟೈರಾದ ಮೇಲೂ ಗಂಟಲು ಮಾತ್ರ ಡ್ಯೂಟಿ ಮೇಲೇ ಇತ್ತು. ಬೆಳಗ್ಗೆ ನಲ್ಲಿ ಹತ್ತಿರ ಕೊಡದ ಸಾಲು ಸೊಟ್ಟಗಾದರೆ, “ಹಿಂದೆ ಸರೀರಿ, ಇಳಿಯೋರಿಗೆ ದಾರಿ ಬಿಡ್ರಿ!” ಅಂತ ಕೂಗು. ನಮ್ಮ ಮನೆಗೆ ನೆಂಟರು ಬಂದು ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದರೆ ಕಾಂಪೌಂಡ್ ಆಚೆಯಿಂದಲೇ, “ಫುಟ್‌ಬೋರ್ಡ್ ಮೇಲೆ ನಿಲ್ಲಬ್ಯಾಡ್ರಿ, ಒಳಗೆ ನಡೀರಿ” ಅನ್ನುವರು. ನೆಂಟರು ನಗುತ್ತಿದ್ದರು. ದಿನಾ ಕೇಳುವ ನಮಗೆ ನಗು ಎಲ್ಲಿಂದ ಬರಬೇಕು?

ಡ್ಯೂಟಿಯಲ್ಲಿದ್ದಾಗಲೂ ಹೀಗೇ ಅಂತ ಡ್ರೈವರುಗಳು ಹೇಳುತ್ತಿದ್ದರು. ಚಳ್ಳಕೆರೆ ದಾಟಿ ಮೊಳಕಾಲ್ಮುರು ರಸ್ತೆಯಲ್ಲಿ ಸ್ವಲ್ಪ ಹೋದರೆ ಹಳ್ಳದ ಪಕ್ಕ ಒಂದು ಹಟ್ಟಿ ಇದೆ. ಕುರಿ ಮೇಕೆ ಸಾಕುವವರದು. ಅಲ್ಲಿ ಬಸ್ಸಿಗೆ ಸ್ಟಾಪಿರಲಿಲ್ಲ. ಅಲ್ಲಿಯ ಒಬ್ಬ ಅಜ್ಜಿ ಕಂಕುಳಲ್ಲಿ ಮರಿ ಇಟ್ಟುಕೊಂಡು ಬಿಸಿಲಲ್ಲಿ ಕೈ ತೋರಿಸುವುದು, ಡ್ರೈವರು ನೋಡಿಯೂ ನೋಡದ ಹಾಗೆ ಹೋಗುವುದು. ಒಂದು ದಿನ ಇವರು ಸೀಟಿ ಊದಿ ನಿಲ್ಲಿಸಿದರು. ಮರುದಿನವೂ ಊದಿದರು. ಡ್ರೈವರು ಡಿಪೋದಲ್ಲಿ ದೂರು ಕೊಟ್ಟ, ಮೇಲಿನವರು ಕರೆದು ಬೈದರು. ಇವರು ಊದುವುದು ಬಿಡಲಿಲ್ಲ. ಕೊನೆಗೆ ಡ್ರೈವರುಗಳಿಗೇ ಸಾಕಾಗಿ, ಸೀಟಿ ಕೇಳುವ ಮೊದಲೇ ಬ್ರೇಕು ಹಾಕುವುದು ಅಭ್ಯಾಸವಾಯಿತು. ಆ ಅಜ್ಜಿಗಾದರೂ ಈಕೆ ಸೌಮ್ಯವಾಗಿದ್ದರಾ ಅಂದರೆ ಅದೂ ಇಲ್ಲ. ಮರಿ ಸೀಟಿನ ಮೇಲೆ ಉಚ್ಚೆ ಹೊಯ್ದರೆ ಇಡೀ ಬಸ್ಸಿಗೆ ಕೇಳುವ ಹಾಗೆ ಬೈದು, ಅಜ್ಜಿಯ ಸೆರಗಿನಲ್ಲೇ ಒರೆಸುತ್ತಿದ್ದರಂತೆ.

ಈಗ ನಮ್ಮ ಕಾಲೋನಿಯ ವಿಷಯ. ನಮ್ಮ ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಎಲ್ಲರಿಗೂ ಗೊತ್ತು. ಅವುಗಳ ಜೊತೆಗೆ ಊರಾಚೆ, ನಮ್ಮ ಕಾಲೋನಿಯ ಮೇಲ್ಭಾಗದ ದಿಣ್ಣೆಯಲ್ಲಿ, ಎಣ್ಣೆ ಶುದ್ಧ ಮಾಡುವ ಒಂದು ದೊಡ್ಡ ಫ್ಯಾಕ್ಟರಿ ಬಂತು. ಎಣ್ಣೆ ತೊಳೆದ ನೀರು, ಸೋಪಿನ ಹಾಗೆ ನೊರೆ ಕಟ್ಟಿಕೊಂಡು, ಕಪ್ಪಗೆ, ತೆರೆದ ಚರಂಡಿಯಲ್ಲಿ ನಮ್ಮ ಮನೆಗಳ ಮುಂದೆಯೇ ಹರಿಯುತ್ತಿತ್ತು. ಹಮಾಲರು, ಆಟೋದವರು, ಟೈಲರುಗಳು, ಶೇಂಗಾ ಬೀಜ ಆರಿಸಲು ಹೋಗುವ ಹೆಂಗಸರು, ನನ್ನಂಥ ಸಣ್ಣ ಅಂಗಡಿಯವರು ಇರುವ ಜಾಗ. ನನ್ನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಸೈಟು ಅಗ್ಗಕ್ಕೆ ಸಿಕ್ಕಿತು ಅಂತ ಬಂದೆವು. ಯಾಕೆ ಅಗ್ಗ ಅಂತ ಮೊದಲ ಬೇಸಿಗೆಯಲ್ಲಿ ಗೊತ್ತಾಯಿತು. ಕಮಟು ವಾಸನೆ ಅನ್ನದ ತಟ್ಟೆಯವರೆಗೂ ಬರುತ್ತಿತ್ತು. ಬೋರಿನ ನೀರಿನ ಮೇಲೆ ಎಣ್ಣೆಯ ಪದರ. ಮೇಲಿಂದ ಬಾಯ್ಲರಿಗೆ ಹಾಕಿದ ಶೇಂಗಾ ಹೊಟ್ಟಿನ ಬೂದಿ. ನಮ್ಮವ್ವನಿಗೆ ಉಬ್ಬಸ ಶುರುವಾದದ್ದು ಇಲ್ಲಿಗೆ ಬಂದ ಮೇಲೆ. ಊರಿನೊಳಗಿನ ದೊಡ್ಡ ಬಡಾವಣೆಗಳಿಗೆ ಈ ಗಾಳಿ ತಪ್ಪಿಯೂ ಹೋಗುತ್ತಿರಲಿಲ್ಲ. ಗಾಳಿ ಎತ್ತ ಬೀಸುತ್ತದೆ ಅಂತ ನೋಡಿಕೊಂಡೇ ಬಡವರಿಗೆ ಜಾಗ ತೋರಿಸುತ್ತಾರೋ ಏನೋ.

ಕಾಲೋನಿಯವರು ಒಂದು ಸಮಿತಿ ಮಾಡಿಕೊಂಡು ದೂರು ಕೊಟ್ಟೆವು. ಜಿಲ್ಲಾ ಕೇಂದ್ರ ದುರ್ಗದಿಂದ ಮಾಲಿನ್ಯ ಮಂಡಳಿಯ ಅಧಿಕಾರಿಗಳು ಬರುವ ದಿನ ಚರಂಡಿ ಒಣಗಿರುತ್ತಿತ್ತು. ಅವರು ಜೀಪು ಹತ್ತಿ ಹೋದ ಮೇಲೆ ನೊರೆ ಬರುತ್ತಿತ್ತು. ಹೀಗೆ ಬಂದು ಹೋಗಿ ಆದ ಮೇಲೆ ಕಂಡಕ್ಟ್ರಮ್ಮನ ತಾಳ್ಮೆ ಮುಗಿಯಿತು. ಅದು ಮೊದಲೇ ಅಷ್ಟಿರಲಿಲ್ಲ. ಒಂದು ಸೋಮವಾರ ಕಾಲೋನಿಯ ಅರ್ಧ ಜನರನ್ನು ಬಸ್ಸಿಗೆ ಹತ್ತಿಸಿಕೊಂಡು ದುರ್ಗದ ಕಚೇರಿಗೆ ಹೊರಟರು. ಸಮಿತಿಯ ಕಾರ್ಯದರ್ಶಿ ಅಂತ ನನ್ನನ್ನೂ ಎಳೆದುಕೊಂಡು ಹೋದರು.

ಅಧಿಕಾರಿ ಒಳ್ಳೆಯ ಮನುಷ್ಯನೇ. “ಇಬ್ಬರು ಮಾತ್ರ ಒಳಗೆ ಬನ್ನಿ” ಅಂದರು. ಕಂಡಕ್ಟ್ರಮ್ಮ ಬಾಗಿಲು ಹಿಡಿದು ನಿಂತರು.

“ನಡೀರಿ, ನಡೀರಿ, ಮುಂದೆ ನಡೀರಿ! ಒಳಗೆ ಖಾಲಿ ಐತೆ. ಅಕ್ಕಾ, ಮಗೂನ ತೊಡೆ ಮೇಲೆ ಹಾಕ್ಕ. ಯಜಮಾನ್ರೇ, ಆ ಬೀರು ಕಡೆ ಸರೀರಿ. ಸಾಹೇಬ್ರೇ, ಸ್ವಲ್ಪ ಕುರ್ಚಿ ಒಳಕ್ಕೆ ಎಳ್ಕಳ್ರಿ, ಇನ್ನೂ ಜನ ಹತ್ತೋರವ್ರೆ.”

ಜನ ನುಗ್ಗಿದರು. ಆ ಧ್ವನಿ ಕೇಳಿದರೆ ಕಾಲು ತಾನೇ ಮುಂದೆ ಹೋಗುತ್ತದೆ, ಅಭ್ಯಾಸ ಬಲ. ಎಲ್ಲರೂ ಒಳಗಾದ ಮೇಲೆ ಇವರು ಬಾಗಿಲು ಹಾಕಿಕೊಂಡು ಅದಕ್ಕೆ ಬೆನ್ನು ಕೊಟ್ಟು ನಿಂತರು. ಅಧಿಕಾರಿಗೆ ಎದ್ದು ನಿಲ್ಲಲೂ ಜಾಗವಿಲ್ಲ. ಫ್ಯಾನು ತಿರುಗುತ್ತಿತ್ತು, ಗಾಳಿ ಯಾರಿಗೂ ತಾಕುತ್ತಿರಲಿಲ್ಲ.

“ಉಸುರು ಕಟ್ತದಾ ಸಾಹೇಬ್ರೇ?” ಅಂತ ಕೇಳಿದರು. “ಸ್ವಲ್ಪ ತಡ್ಕಳ್ರಿ. ನಮ್ಗೆ ದಿನಾ ಹಿಂಗೇ.”

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಮರುದಿನ ಆ ಅಧಿಕಾರಿ ಫ್ಯಾಕ್ಟರಿಗೆ ಹೇಳದೆ ಕೇಳದೆ ಬಂದರು. ನೊರೆ ಸಿಕ್ಕಿತು. ನೋಟಿಸು ಹೋಯಿತು.

ಅದಾದ ಮೇಲೆ ಫ್ಯಾಕ್ಟರಿಯ ಮ್ಯಾನೇಜರು ಸಂಧಾನಕ್ಕೆ ಇಳಿದರು. ನಾನು ಅಂಗಡಿ ಬಿಟ್ಟು ತಿಂಗಳುಗಟ್ಟಲೆ ಓಡಾಡಿದೆ. ಕೊನೆಗೆ ಮ್ಯಾನೇಜರು ಕಾಲೋನಿಯ ಗುಡಿ ಕಟ್ಟೆಗೇ ಬಂದು ಕೂತರು. ಕುಡಿಯುವ ನೀರಿನ ಘಟಕ ಹಾಕಿಸುತ್ತೇವೆ, ಚಿಮಣಿ ಎತ್ತರಿಸುತ್ತೇವೆ, ಚರಂಡಿಗೆ ಬಿಡದೆ ನೆಲದಡಿಯಲ್ಲಿ ಪೈಪು ಹಾಕುತ್ತೇವೆ, ನಿಮ್ಮ ಮುಂದೆ ಒಂದು ತೊಟ್ಟು ಹರಿಯುವುದಿಲ್ಲ ಅಂದರು. ಜನ ಚಪ್ಪಾಳೆ ತಟ್ಟಿದರು. ಒಪ್ಪಿಗೆ ಇದ್ದವರು ಕೈ ಎತ್ತಿ ಅಂದೆ. ಎಲ್ಲ ಕೈ ಮೇಲೆ. ಒಂದು ಬಿಟ್ಟು.

“ಪೈಪಿನ ಆ ಕಡೆ ತುದಿ ಎಲ್ಲೈತೆ?” ಅಂದರು ಕಂಡಕ್ಟ್ರಮ್ಮ.

ಮ್ಯಾನೇಜರು ನಕ್ಕರು. “ಅದು ನಿಮಗ್ಯಾಕಮ್ಮ? ನಿಮ್ಮ ಕಡೆ ಅಲ್ಲ.”

“ಯಾರ ಕಡೆ?”

“ದೂರ. ಹಳ್ಳಕ್ಕೆ.”

ನಾನು ಅವರ ಕಡೆ ಕೈ ಮುಗಿದೆ. “ಕಂಡಕ್ಟ್ರಮ್ಮಾರೆ, ದಮ್ಮಯ್ಯ. ಆದ ಕೆಲಸ ಕೆಡಿಸಬ್ಯಾಡ್ರಿ.” ಅವರು ಏನೂ ಹೇಳದೆ ಎದ್ದು ಹೋದರು. ಏನೂ ಹೇಳದೆ ಹೋದದ್ದಕ್ಕೆ ನನಗೆ ಆಗಲೇ ಭಯವಾಗಬೇಕಿತ್ತು.

ಪೈಪು ಬಂತು. ಚರಂಡಿ ಒಣಗಿತು. ಸುಳ್ಳು ಯಾಕೆ ಹೇಳಲಿ, ಆ ಸುಖ ಸುಖವೇ. ನಮ್ಮವ್ವ ಎಷ್ಟೋ ವರ್ಷದ ಮೇಲೆ ಸಂಜೆ ಹೊತ್ತು ಬಾಗಿಲ ಮುಂದೆ ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡಳು. ಮನೆಗಳ ಮುಂದೆ ಜನ ಕನಕಾಂಬರ ಗಿಡ ಹಾಕಿದರು. ಕಾಲೋನಿಯ ಕೆಲವು ಹುಡುಗರಿಗೆ ಫ್ಯಾಕ್ಟರಿಯಲ್ಲೇ ಕೆಲಸವೂ ಸಿಕ್ಕಿತು.

ಕಂಡಕ್ಟ್ರಮ್ಮ ಮಾತ್ರ ಅಗೆದ ಮಣ್ಣಿನ ಜಾಡು ಹಿಡಿದು ನಡೆದುಕೊಂಡು ಹೋಗಿ ತುದಿ ನೋಡಿ ಬಂದಿದ್ದರು. ಅದು ಅದೇ ಹಟ್ಟಿ, ಅವರು ಸೀಟಿ ಊದಿ ಬಸ್ಸು ನಿಲ್ಲಿಸುತ್ತಿದ್ದ ಹಟ್ಟಿ. ಕುರಿಗಳು ನೀರು ಕುಡಿಯುವ ಹಳ್ಳದ ಮಡುವಿಗೆ ಪೈಪಿನ ಬಾಯಿ ಬಿಟ್ಟಿದ್ದರು. ಮೊದಲು ಮೇಕೆಗಳ ಹೊಟ್ಟೆ ಉಬ್ಬಿತು. ಆಮೇಲೆ ದಿನ ತುಂಬದೆ ಕಂದು ಹಾಕತೊಡಗಿದವು. ಮರಿ ಹೊತ್ತು ಬಸ್ಸಿಗೆ ಬರುತ್ತಿದ್ದ ಅಜ್ಜಿ ಈಗ ಸತ್ತ ಮರಿಯನ್ನು ಗೋಣಿಯಲ್ಲಿ ಸುತ್ತಿ ತಂದು ಕಂಡಕ್ಟ್ರಮ್ಮನ ಮನೆ ಮುಂದೆ ಇಟ್ಟು ಕೂತಳು. ಹಟ್ಟಿಯವರಿಗೆ ಗೊತ್ತಿದ್ದ ಸರ್ಕಾರಿ ಮನುಷ್ಯರು ಅಂದರೆ ಇವರೊಬ್ಬರೇ.

ಇವರು ಮನೆ ಮನೆಗೆ ಹೋದರು. “ಹಟ್ಟಿಯೋರ ಜೊತಿಗೆ ದುರ್ಗಕ್ಕೆ ಬರ್ರಿ.” ಯಾರೂ ಬರಲಿಲ್ಲ. ನಮ್ಮ ಮನೆಗೂ ಬಂದರು. ನನಗೆ ಆವತ್ತು ತಡೆಯಲಾಗಲಿಲ್ಲ.

“ನೋಡ್ರಿ, ನಮ್ದು ಸರಿಹೋಗೈತೆ. ಮಾಡಿಸೋಕೆ ನಾನು ಎಷ್ಟು ಮಂದಿ ಕಾಲು ಹಿಡಿದೀನಿ ನಿಮಗೆ ಗೊತ್ತಿಲ್ಲ. ಮತ್ತೆ ಯಾಕೆ ಕೆದಕ್ತೀರಿ?”

“ಸರಿಹೋಗಿಲ್ಲ ತಮ್ಮಾ. ಸರ್ಕೊಂಡು ಹೋಗೈತೆ.”

“ಹಟ್ಟಿಯೋರು ಹೋರಾಟ ಮಾಡ್ಕಳ್ಳಿ. ಬೇಡ ಅಂದೋರ್ಯಾರು?”

“ಅವ್ರು ಎಷ್ಟು ಮನೆ ಅವ್ರೆ? ಅವ್ರ ಮಾತು ಯಾರು ಕೇಳ್ತಾರೆ? ಅದ್ಕೇ ಅಲ್ವೇನೋ ಪೈಪು ಅಲ್ಲಿಗೆ ಹೋಗಿದ್ದು.”

“ಹಂಗಾದ್ರೆ ನಮ್ಮವ್ವ ಮತ್ತೆ ಕೆಮ್ಮಬೇಕಾ?”

ಅವರು ನಮ್ಮವ್ವನ ಮುಖ ನೋಡಿ, ಚಪ್ಪಲಿ ಹಾಕಿಕೊಂಡು ಹೋದರು.

ಕಾಲೋನಿ ಅವರ ಜೊತೆ ಮಾತು ಬಿಟ್ಟಿತು. ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಹುಡುಗರ ತಾಯಂದಿರು ಬೀದಿಯಲ್ಲೇ ನಿಂತು ಬೈದರು. ಯಾರೋ ಅವರ ಅಂಗಳಕ್ಕೆ ಕಸ ಸುರಿದರು. ಅವರು ಆ ಕಸವನ್ನು ಗುಡಿಸಿ, ಕಾಗದ ಬೇರೆ, ಪ್ಲಾಸ್ಟಿಕ್ ಬೇರೆ ಮಾಡಿ, ಕಸದ ಗಾಡಿಗೆ ಹಾಕಿ, ಗಾಡಿಯವನಿಗೂ ತಡವಾಗಿ ಬಂದದ್ದಕ್ಕೆ ಬೈದು ಕಳಿಸಿದರು.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ.

ಆ ವರ್ಷ ಮಾಗಿ ಕಳೆದ ಮೇಲೆ ಒಂದು ಬೆಳಗ್ಗೆ, ಜನ ಇನ್ನೂ ನಲ್ಲಿ ಹತ್ತಿರ ಇರುವಾಗಲೇ, ಹಟ್ಟಿಯ ಹೆಂಗಸರು ಕಾಲೋನಿಗೆ ಬಂದರು. ಕೈಯಲ್ಲಿ ಹಾರೆ, ತಲೆ ಮೇಲೆ ಮರಳಿನ ಚೀಲ. ಮುಂದೆ ಕಂಡಕ್ಟ್ರಮ್ಮ. ಪೈಪು ನಮ್ಮ ರಸ್ತೆಯಡಿಯಲ್ಲೇ ಹಾದು ಹೋಗುತ್ತಿತ್ತಲ್ಲ, ಅದಕ್ಕೊಂದು ಗುಂಡಿ, ಮೇಲೆ ಕಲ್ಲಿನ ಮುಚ್ಚಳ. ನಾವು ನೋಡನೋಡುತ್ತಿದ್ದ ಹಾಗೆ ಮುಚ್ಚಳ ಎಬ್ಬಿಸಿ, ಚೀಲಗಳನ್ನು ಪೈಪಿನ ಬಾಯಿಗೆ ತುರುಕಿ ತುಳಿದರು. ಯಾರಿಗೂ ಏನು ನಡೆಯುತ್ತಿದೆ ಅಂತ ತಿಳಿಯುವಷ್ಟರಲ್ಲಿ ನೀರು ಮೇಲೆ ಬಂತು. ಕಪ್ಪು ನೀರು, ನೊರೆ ನೀರು, ಹಳೆಯ ಚರಂಡಿಗೆ ಇಳಿದು ನಮ್ಮ ಮನೆಗಳ ಮುಂದೆ ಹರಿಯತೊಡಗಿತು. ಕನಕಾಂಬರದ ಪಾತಿಗಳಿಗೆ ನುಗ್ಗಿತು. ಚರಂಡಿಯ ಮೇಲಿನ ಮೊದಲ ಮನೆ ಕಂಡಕ್ಟ್ರಮ್ಮನದೇ, ಅವರ ಮೆಟ್ಟಿಲೇ ಮೊದಲು ಮುಳುಗಿತು. ಎರಡನೆಯದು ನಮ್ಮದು.

ನಾನು ಓಡಿ ಹೋಗಿ ಅವರ ಕೈಯಿಂದ ಹಾರೆ ಕಿತ್ತುಕೊಂಡೆ. “ಹುಚ್ಚು ಹಿಡಿದೈತೇನ್ರಿ ನಿಮಗೆ? ನಿಮ್ಮ ಕಾಲೋನಿಗೇ ವಿಷ ಬಿಡ್ತೀರಾ?”

“ನಾನೆಲ್ಲಿ ಬಿಟ್ನೋ? ಬಿಟ್ಟೋನು ಮೇಲೆ ಕುಂತವ್ನೆ.” ಅವರು ಚೀಲವನ್ನು ಇನ್ನೊಂದು ಸಲ ತುಳಿದರು. “ಹಟ್ಟಿಗೆ ಹೋದ್ರೆ ನಿಮ್ಗೆ ವಾಸ್ನೆ ಬರಲ್ಲ, ಅವನಿಗೂ ಬರಲ್ಲ, ದುರ್ಗಕ್ಕೂ ಬರಲ್ಲ. ಈಗ ಬತ್ತದೆ. ಈಗ ಹೋಗ್ರಿ ಎಲ್ರೂ, ಕೇಳ್ರಿ.”

“ನಮ್ಮವ್ವ ಒಳಗೆ ಉಸಿರಾಡೋಕೆ ಒದ್ದಾಡ್ತಾ ಅವ್ಳೆ!”

“ಗೊತ್ತೈತೆ ತಮ್ಮಾ,” ಅಂದರು. “ಗೊತ್ತೈತೆ.” ಹೇಳಿ ಚೀಲದ ಮೇಲೆ ಕೂತುಬಿಟ್ಟರು.

ಒಳಗೆ ಹೋದರೆ ನಮ್ಮವ್ವ ಸೆರಗು ಮೂಗಿಗೆ ಹಿಡಿದು ಕೂತಿದ್ದಳು. ನಾನು ಕಂಡಕ್ಟ್ರಮ್ಮನನ್ನು ಬಾಯಿಗೆ ಬಂದ ಹಾಗೆ ಬೈದೆ. ಅವ್ವ ಕೆಮ್ಮು ತಡೆದುಕೊಂಡು, “ಆಕೆ ಮನ್ಯಾಗೂ ಅದೇ ವಾಸ್ನೆ ಐತೆ ಕಣಪ್ಪ” ಅಂದಳು. ಇಂಥ ಹೊತ್ತಿನಲ್ಲಿ ಇಂಥ ಮಾತು ಕೇಳಿದರೆ ಯಾರಿಗೆ ಪಿತ್ತ ನೆತ್ತಿಗೇರುವುದಿಲ್ಲ?

ಮ್ಯಾನೇಜರು ದೂರು ಕೊಟ್ಟರು, ಪೊಲೀಸರು ಬಂದು ಕಂಡಕ್ಟ್ರಮ್ಮನನ್ನು ಕರೆದುಕೊಂಡು ಹೋದರು. ಬಿಡಿಸಿಕೊಂಡು ಬರಲು ಯಾರು ಹೋಗಬೇಕು? ಪಕ್ಕದ ಮನೆಯವನು. ನಾನು ಸ್ಟೇಷನ್ನಿಗೆ ಹೋಗುವಷ್ಟರಲ್ಲಿ ಅವರು ಬೆಂಚಿನ ಮೇಲೆ ಕೂತು ಒಬ್ಬ ಪೇದೆಯ ವಿಚಾರಣೆ ನಡೆಸುತ್ತಿದ್ದರು. “ನೀನು ಕಾಲೇಜಿಗೆ ಹೋಗುವಾಗ ಪಾಸಿಲ್ದೆ ಬಸ್ ಹತ್ತಿ ಸೀಟ್ ಕೆಳಗೆ ಕುಂತ್ಕತಿದ್ದೋನಲ್ವಾ?” ಪೇದೆ ತಲೆ ತಗ್ಗಿಸಿ ನಿಂತಿದ್ದ. ಸಬ್ ಇನ್ಸ್‌ಪೆಕ್ಟರು ನನ್ನನ್ನು ಕಂಡದ್ದೇ, “ನೀವು ಇವರ ಕಡೆಯವರಾ? ಮೊದಲು ಕರ್ಕೊಂಡು ಹೋಗಿ ಸಾರ್” ಅಂದರು.

ಅಷ್ಟರಲ್ಲಿ ನೀರು ಕಾಲೋನಿ ದಾಟಿ ದೊಡ್ಡ ರಸ್ತೆಗೆ ಬಂದು ನಿಂತಿತ್ತು. ಬಸ್ಸುಗಳು ಅದರಲ್ಲೇ ಹೋಗಬೇಕು. ಕಿಟಕಿಯಲ್ಲಿ ಕೂತವರೆಲ್ಲ ಮೂಗು ಮುಚ್ಚಿಕೊಂಡರು. ಮಾರ್ಕೆಟ್ಟಿಗೆ ಶೇಂಗಾ ತಂದ ರೈತರ ಗಾಡಿಗಳು ಸಾಲಾಗಿ ನಿಂತವು. ಆವತ್ತು ಸಂಜೆಯೊಳಗೆ ತಹಸೀಲ್ದಾರರು ಬಂದರು, ದುರ್ಗದ ಅಧಿಕಾರಿ ಬಂದರು, ಟಿವಿಯವರೂ ಬಂದರು. ನಮ್ಮ ಕಾಲೋನಿಯವರು ಕಂಡಕ್ಟ್ರಮ್ಮನ ಮೇಲಿನ ಸಿಟ್ಟನ್ನೆಲ್ಲ ಫ್ಯಾಕ್ಟರಿ ಗೇಟಿನ ಮುಂದೆ ಹೋಗಿ ಕಕ್ಕಿದರು. ಹಟ್ಟಿಯ ಹೆಂಗಸರು ಅವರ ಪಕ್ಕದಲ್ಲೇ ಕೂತಿದ್ದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಆದರೆ ಕೂತದ್ದು ಒಂದೇ ನೆಲದ ಮೇಲೆ. ಕೊಳಚೆ ನೀರು ತೊಳೆಯುವ ಘಟಕ ಕಟ್ಟುವವರೆಗೆ ಎಣ್ಣೆ ತೊಳೆಯುವ ಕೆಲಸ ನಿಲ್ಲಿಸಬೇಕು ಅಂತ ಆದೇಶವಾಯಿತು.

ಘಟಕ ಕಟ್ಟಿದರು. ಅದು ಓಡುತ್ತದೆ. ಪೈಪಿನ ನೀರು ಮೊದಲಿನಷ್ಟು ಕಪ್ಪಿಲ್ಲ, ನೊರೆ ಕಮ್ಮಿ. ಮಳೆಗಾಲದಲ್ಲಿ ಮಾತ್ರ ಏನೋ ಆಟ ಆಡುತ್ತಾರೆ, ಕಮಟು ಬರುತ್ತದೆ. ಹಟ್ಟಿಯವರು ಕುರಿಗಳನ್ನು ಆ ಮಡುವಿಗೆ ಈಗಲೂ ಬಿಡುವುದಿಲ್ಲ. ನಮ್ಮವ್ವನಿಗೆ ಉಬ್ಬಸ ಬಿಡಲಿಲ್ಲ, ಹೆಚ್ಚೂ ಆಗಲಿಲ್ಲ. ಕಾಲೋನಿಯವರು ಕಂಡಕ್ಟ್ರಮ್ಮನನ್ನು ಕ್ಷಮಿಸಲಿಲ್ಲ. ನೀರಿನ ಸಾಲಿನಲ್ಲಿ ಅವರು ಬಂದರೆ ಮಾತು ನಿಲ್ಲುತ್ತಿತ್ತು. ಅವರೂ ಕ್ಷಮೆ ಕೇಳಿದವರಲ್ಲ. ನನ್ನ ಹೆಂಡತಿ ಹಬ್ಬದ ಹೋಳಿಗೆ ಕೊಟ್ಟರೆ, ಹೂರಣಕ್ಕೆ ಬೆಲ್ಲ ಕಮ್ಮಿ ಅಂತ ಹೇಳಿ ಕಳಿಸುತ್ತಿದ್ದರು.

ಹೋದ ವರ್ಷ ಅವರಿಗೇ ಉಸಿರಿನ ತೊಂದರೆ ಶುರುವಾಯಿತು. ದೊಡ್ಡಾಸ್ಪತ್ರೆಯಲ್ಲಿ ಮಲಗಿದ್ದಾಗ ನೋಡಲು ಹೋದೆ. ಮೂಗಿಗೆ ಆಕ್ಸಿಜನ್ ನಳಿಗೆ. ಪಕ್ಕದ ಮಂಚದವಳ ನೆಂಟರನ್ನು ಕೈಸನ್ನೆಯಲ್ಲೇ ಹಿಂದೆ ಸರಿಸುತ್ತಿದ್ದರು. ನನ್ನನ್ನು ಕಂಡು ನಳಿಗೆ ಪಕ್ಕಕ್ಕೆ ಎಳೆದರು.

“ಆ ತೊಳೆಯೋ ಟ್ಯಾಂಕಿನ ತಳದಾಗೆ ಕೆಸರು ಕುಂದರ್ತೈತೆ ನೋಡು.”

“ಮಾತಾಡಬ್ಯಾಡ್ರಿ. ನಳಿಗೆ ಹಾಕ್ಕಳ್ರಿ.”

“ಟ್ರ್ಯಾಕ್ಟ್ರಿಗೆ ತುಂಬಿ ಒಯ್ತಾರಂತೆ. ನಿನ್ನ ಅಂಗಡಿ ಮುಂದೇನೇ ಹೋಗ್ತೈತೆ. ಟಾರ್ಪಲ್ ಹೊದಿಸಿರ್ತಾರೆ.”

“ನಂಗೆ ಹೇಳಬ್ಯಾಡ್ರಿ, ನಿಮ್ಮ ಕೈ ಮುಗೀತೀನಿ. ನಂಗೆ ಗೊತ್ತಾಗೋದೇ ಬ್ಯಾಡ.”

“ಏಮಿರಾ ಇದಿ,” ಏನೋ ಇದು, ಅಂತ ತೆಲುಗಿನಲ್ಲಿ ಬೈದು, ಕಣ್ಣು ಮುಚ್ಚಿ, ನಳಿಗೆ ಹಾಕಿಕೊಂಡರು. ಆ ವಾರವೇ ತೀರಿಕೊಂಡರು. ಮಣ್ಣಿಗೆ ಹಟ್ಟಿಯವರೆಲ್ಲ ಬಂದಿದ್ದರು. ಮೊಳಕಾಲ್ಮುರಿನಿಂದ ಅಣ್ಣನ ಮಕ್ಕಳು ಬಂದು ಹೊಸ ಸೀರೆ ಹೊದಿಸಿದರು. ಫ್ಯಾಕ್ಟರಿಯಿಂದ ದೊಡ್ಡ ಹಾರ ಬಂತು. ಅದನ್ನು ಯಾರು ಹಾಕಿದರೋ ನನಗೆ ಗೊತ್ತಿಲ್ಲ, ನಾನಂತೂ ಮುಟ್ಟಲಿಲ್ಲ.

ಹೇಳದೇ ಇದ್ದಿದ್ದರೆ ನನಗೆ ಆ ಟ್ರ್ಯಾಕ್ಟರು ಕಾಣುತ್ತಿರಲಿಲ್ಲ. ದಿನಕ್ಕೆ ಎಷ್ಟೋ ಟ್ರ್ಯಾಕ್ಟರು ನೋಡುವವನು ನಾನು. ಈಗ ಟಾರ್ಪಲ್ ಹೊದಿಸಿದ್ದು ಬಂದರೆ ಕೈಯಲ್ಲಿರುವ ಬೇರಿಂಗು ಅಲ್ಲೇ ನಿಲ್ಲುತ್ತದೆ, ಗಿರಾಕಿ ಏನು ಕೇಳಿದ ಅನ್ನುವುದು ಮರೆಯುತ್ತದೆ. ಶ್ರದ್ಧಾಂಜಲಿ ಸಭೆಯ ಮರುದಿನ ಬೆಳಗ್ಗೆ ಮತ್ತೆ ಬಂತು. ಥೂ ಅಂದುಕೊಂಡು ಶಟರ್ ಎಳೆದು, ಬೈಕು ಹತ್ತಿ ಹಿಂದೆ ಹೋದೆ.

ಅದು ಹಟ್ಟಿಯನ್ನೂ ದಾಟಿ ಮುಂದೆ ಮುಂದೆ ಹೋಯಿತು. ಮೊಳಕಾಲ್ಮುರು ಹತ್ತಿರಾಗುವಾಗ ಒಂದು ಹಳೆಯ ಕಲ್ಲುಕ್ವಾರಿಯ ಕಡೆ ತಿರುಗಿ, ಟ್ರೇಲರ್ ಎತ್ತಿ, ಕರಿ ಕೆಸರು ಸುರಿದು, ಬಂದ ದಾರಿಯಲ್ಲೇ ವಾಪಸಾಯಿತು. ಕ್ವಾರಿಯ ಆಚೆ ದಂಡೆಗೆ ಕಲ್ಲು ಒಡೆಯುವವರ ಗುಡಿಸಲುಗಳು. ಒಬ್ಬ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದಳು.

“ಎವುರಪ್ಪಾ ನುವ್ವು? ಫ್ಯಾಕ್ಟರಿಯೋನಾ?”

ಅಲ್ಲ ಅಂದೆ.

“ಮತ್ತೆ ಯಾರು? ಯಾಕೆ ಬಂದೀಯ?”

ಏನಂತ ಹೇಳುವುದು? ಬಿಡಿಭಾಗದ ಅಂಗಡಿಯವನು ಅಂತಲೇ? ಸಮಿತಿ ಎಂದೋ ಮುರಿದು ಬಿದ್ದಿತ್ತು. ಬೈಕಿಗೆ ಸ್ಟ್ಯಾಂಡ್ ಹಾಕಿ, “ಚಳ್ಳಕೆರೆ ಕಂಡಕ್ಟ್ರಮ್ಮನ ಪಕ್ಕದ ಮನೆಯೋನು” ಅಂದೆ.

ಹೆಂಗಸು ಸೆರಗು ಮೂಗಿನಿಂದ ತೆಗೆದಳು. ಗುಡಿಸಲಿನ ಮುಂದಿದ್ದ ಚಪ್ಪಡಿ ಕಲ್ಲಿನ ಮೇಲಿನ ಕಲ್ಲಿನ ಧೂಳನ್ನು ಕೈಯಲ್ಲೇ ಒರೆಸಿ, “ಬಸ್ಸಾಗೆ ಸೀಟಿ ಊದ್ತಿದ್ದ ಅಮ್ಮನಾ? ಹಂಗಾದ್ರೆ ಕುಂತ್ಕ” ಅಂದಳು. ಒಳಗೆ ತಿರುಗಿ ಬೇರೆಯವರನ್ನೂ ಕೂಗಿದಳು. ಅಂಗಡಿಗೆ ಗಿರಾಕಿಗಳು ಬರುವ ಹೊತ್ತಾಗಿತ್ತು, ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಸತ್ತ ಮೇಲೂ ಈ ಹೆಂಗಸು ನನ್ನನ್ನು ನೆಮ್ಮದಿಯಾಗಿ ಇರಲು ಬಿಡಲಿಲ್ಲವಲ್ಲ ಅಂತ ಹಲ್ಲು ಕಡಿಯುತ್ತ, ಕೂತೆ.